ಏಟಮ್ಮ ಶನಿವಾರದ ಸಾಲಿನಲ್ಲಿ ನಿಂತದ್ದು

ಹಾಸನೂರು

ವಿದೇಶಕ್ಕೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಮೊದಲು ಕೇಳುವುದು ಅಲ್ಲಿ ಏನು ತಿಂದೆ ಎಂದು. ಆಮೇಲೆ ಕೇಳುವುದು ಯಾರು ಕಳಿಸಿದರು ಎಂದು. ಎರಡನೆಯದಕ್ಕೇ ಮೊದಲು ಉತ್ತರ ಕೊಡುತ್ತೇನೆ.

ನಾನು ದೊಡ್ಡಗಾಜನೂರಿನ ನಾಗಮಣಿ. ಊರು ಬೆಟ್ಟದ ಮೇಲಿನ ತಮಿಳುನಾಡಿನದು, ಮನೆಮಾತು ಕನ್ನಡ. ಅಪ್ಪ ಅವ್ವ ಕಂಡವರ ಹೊಲದಲ್ಲಿ ಕೂಲಿ ಮಾಡಿ ಓದಿಸಿದರು. ಪೊಲೀಸ್ ಕೆಲಸಕ್ಕೆ ಸೇರಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದೆ. ತಮಿಳಿನಲ್ಲಿ ಹೆಡ್ ಕಾನ್‌ಸ್ಟೇಬಲ್‌ಗೆ ‘ಏಟ್ಟು’ ಎನ್ನುತ್ತಾರೆ, ಹಾಗಾಗಿ ಘಟ್ಟದ ಕೆಳಗೆ ನಾನು ಏಟ್ಟಮ್ಮ. ಬೆಟ್ಟ ಹತ್ತಿದ ಮೇಲೆ ನಮ್ಮ ಕನ್ನಡದ ಜನರ ಬಾಯಲ್ಲಿ ಅದು ಏಟಮ್ಮ ಆಯಿತು. ಹೊಡೆತದ ಅಮ್ಮ. ಯಾರೂ ಬೇಕೆಂದು ಇಟ್ಟ ಹೆಸರಲ್ಲ, ಆದರೂ ಬಿಟ್ಟು ಹೋಗಲಿಲ್ಲ.

ಹೋದ ವರ್ಷ ಕೊಯಮತ್ತೂರಿನ ಹೆಂಗಸರ ಸಂಘದವರು ಸತ್ಯಮಂಗಲದಲ್ಲಿ ಒಂದು ಸಾಕ್ಷ್ಯಚಿತ್ರ ತೋರಿಸಿದರು. ಇಂಗ್ಲೆಂಡಿನ ಒಂದು ನಗರದಲ್ಲಿ ಪೊಲೀಸರು ಒಬ್ಬ ಹುಡುಗನನ್ನು ಹೊಡೆದದ್ದು, ಆ ಬಡಾವಣೆಯ ಜನ ವರ್ಷಗಟ್ಟಲೆ ಪ್ರತಿ ಶನಿವಾರ ಠಾಣೆಯ ಮುಂದೆ ನಿಂತದ್ದು, ಕೊನೆಗೆ ಠಾಣೆಯ ಪದ್ಧತಿಗಳೇ ಬದಲಾದದ್ದು ಅದರ ಕಥೆ. ನಗರದ ಹೆಸರು ಹೇಳುವುದಿಲ್ಲ, ಆ ಮನೆಯವರಿಗೆ ಅದು ಇಷ್ಟವಿಲ್ಲ. ಚಿತ್ರದಲ್ಲಿ ಕೆನ್ ಎಂಬ ಮುದುಕರೊಬ್ಬರು ಬರುತ್ತಾರೆ. ಆ ದಿನ ಠಾಣೆಯ ಮೇಜಿನಲ್ಲಿ ಕೂತು ದಾಖಲೆ ಪುಸ್ತಕ ಬರೆಯುತ್ತಿದ್ದ ಸಾರ್ಜೆಂಟ್. ‘ಹುಡುಗ ಮೆಟ್ಟಿಲ ಮೇಲೆ ಬಿದ್ದ’ ಎಂದು ಬರೆದವರು ಅವರೇ. ಎಂಟು ವರ್ಷ ಕಳೆದ ಮೇಲೆ ವಿಚಾರಣೆಯಲ್ಲಿ ಎದ್ದು ನಿಂತು, ಅವನು ಬೀಳಲಿಲ್ಲ, ನಾನು ಬರೆದದ್ದು ಸುಳ್ಳು ಎಂದವರೂ ಅವರೇ.

ಚಿತ್ರ ಮುಗಿದಾಗ ನಾನು ಎದ್ದು, ನಾನೂ ಪೊಲೀಸಿನವಳು, ಆ ಮುದುಕರನ್ನು ಒಮ್ಮೆ ನೋಡಬೇಕು ಎಂದೆ. ಸಂಘದವರು ಆ ಮಾತನ್ನು ಚಿತ್ರ ತೆಗೆದವರಿಗೆ ಬರೆದರು. ಆ ಊರಿನಲ್ಲಿ ವರ್ಷಕ್ಕೊಮ್ಮೆ ಆ ಚಿತ್ರ ತೋರಿಸುತ್ತಾರಂತೆ, ಅದಕ್ಕೆ ಬನ್ನಿ ಎಂದು ಕರೆ ಬಂತು. ಮುದುಕರನ್ನು ಏಕೆ ನೋಡಬೇಕೆಂದು ನಾನು ಯಾರಿಗೂ ಹೇಳಿರಲಿಲ್ಲ. ಅದರ ಜಾಗ ಬಂದಾಗ ಹೇಳುತ್ತೇನೆ.

ತಮ್ಮ ಸಿದ್ದರಾಜು ಬೈಕಿನಲ್ಲಿ ಹಾಸನೂರಿನವರೆಗೆ ಬಿಟ್ಟ. ಕೊಯಮತ್ತೂರಿನ ಬಸ್ಸಿಗೆ ಕಾಯುತ್ತಿದ್ದಾಗ ಅವನಿಗೆ ತಡೆಯಲಾಗಲಿಲ್ಲ.

"ಅಲ್ಲ ಕಣಕ್ಕ, ಪೋಲೀಸ್ನೋರ್ನ ಬಯ್ಯ ಸಿನ್ಮಾಕ ಪೋಲೀಸ್ನವ್ಳೇ ಓಗದಾ? ನಾಳ ಪೆನ್ಸನ್ ನಿಲ್ಸುದ್ರ ಏನ್ ಮಾಡೀಯ?"

"ನಿಲ್ಸುದ್ರ ನಿನ್ ಒಲಕ್ಕ ಕಳ ಕೀಳಕ ಬತ್ತೀನಿ ಬುಡು," ಎಂದೆ.

"ನಿನ್ನ ಯಾರ್ ಕರ್ದರು ಕೂಲಿಗ," ಎಂದು ನಗುತ್ತಾ ಚೀಲ ಎತ್ತಿ ಬಸ್ಸಿಗೆ ಹಾಕಿದ.

ವಿಮಾನ ಇಳಿದ ಮೇಲೆ

ಪಾಸ್‌ಪೋರ್ಟ್ ನೋಡುವ ಅಧಿಕಾರಿ ಕಪ್ಪು ಸಮವಸ್ತ್ರದಲ್ಲಿ ಕೂತಿದ್ದ. ಅವನೆದುರು ನಿಂತದ್ದೇ ನನ್ನ ಹಿಮ್ಮಡಿಗಳು ತಾವಾಗಿ ಕೂಡಿಕೊಂಡವು, ಕೈ ಹಣೆಗೆ ಹೋಯಿತು. ಅವನು ಒಂದು ಗಳಿಗೆ ನೋಡಿ, ಎದ್ದು ನಿಂತು, ತಾನೂ ಸೆಲ್ಯೂಟ್ ಹೊಡೆದ. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು. ಎಷ್ಟು ದಿನ ಇರುತ್ತೀರಿ ಎಂದು ಕೇಳಿ ಬೇಗ ಬೇಗ ಮುದ್ರೆ ಒತ್ತಿದ.

ಹೊರಗೆ ಸೆಲ್ವಿ ಕಾಯುತ್ತಿದ್ದಳು. ಶ್ರೀಲಂಕಾದ ಯಾಳ್ಪಾಣದ ಕಡೆಯ ತಮಿಳಿನವಳು, ಆ ಊರಿನಲ್ಲಿ ನರ್ಸ್. ನನಗೆ ದುಭಾಷಿಯಾಗಿ ಅವಳನ್ನು ಗೊತ್ತು ಮಾಡಿದ್ದರು. ನನ್ನ ಇಂಗ್ಲಿಷು ಠಾಣೆಯ ಕಾಗದಗಳಿಗೆ ಸಾಕಾಗುತ್ತದೆ, ಮನುಷ್ಯರಿಗೆ ಸಾಲದು. ಸೆಲ್ವಿಯ ತಮಿಳೂ ನನ್ನ ತಮಿಳೂ ಬೇರೆ ಬೇರೆ. ಅವಳ ಕಡೆ ಮಾತಾಡುವುದಕ್ಕೆ ‘ಕದೈಕ್ಕಿರದು’ ಎನ್ನುತ್ತಾರೆ, ನಮ್ಮ ಕಡೆ ‘ಕದೈ’ ಎಂದರೆ ಕಥೆ. ನಾನು ಉಳಿದ ಮನೆಯ ಪರ್ಲ್ ಅವರನ್ನು ತೋರಿಸಿ "ಪರ್ಲ್ ಉಂಗಳೋಡ ಕದೈಕ್ಕ ವೇಣುಮಾಂ", ಅಂದರೆ ನಿಮ್ಮ ಹತ್ತಿರ ಮಾತಾಡಬೇಕಂತೆ, ಎಂದಾಗ, ಅವರು ಯಾವುದೋ ಕಥೆ ಹೇಳುತ್ತಾರೆಂದು ನಾನು ಕೈ ಕಟ್ಟಿ ಕೂತೆ. ಪರ್ಲ್ ಕೇಳಿದ್ದು ಟೀಗೆ ಸಕ್ಕರೆ ಎಷ್ಟು ಎಂದು.

ರೈಲಿನಲ್ಲಿ ಟಿಕೆಟ್ ನೋಡುವವನಿಗೆ, ಅಂಗಡಿಯ ಬಾಗಿಲಿನವನಿಗೆ, ಎಲ್ಲರಿಗೂ ಕೈ ಏಳುತ್ತಿತ್ತು. "ಅಕ್ಕಾ, ಅದು ಬರೀ ಕಾವಲಿನ ಹುಡುಗ, ಕೈ ಇಳಿಸಿ," ಎಂದು ಸೆಲ್ವಿ ಹೇಳಿ ಹೇಳಿ ಸಾಕಾದಳು.

ಪರ್ಲ್ ಅವರ ಮನೆ

ಚಿತ್ರದ ಹುಡುಗನ ತಾಯಿಯೇ ಪರ್ಲ್. ಎಪ್ಪತ್ತೈದು ದಾಟಿದವರು, ಚಿಕ್ಕಂದಿನಲ್ಲಿ ಜಮೈಕಾದಿಂದ ಬಂದವರು. ಅವರ ಮನೆಯಲ್ಲೇ ನಾನು ಉಳಿದದ್ದು. ಹುಡುಗ ಡೆನಿಸ್‌ಗೆ ಈಗ ನಲವತ್ತು, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಎಡಗಿವಿ ಕೇಳುವುದಿಲ್ಲ. ಊಟಕ್ಕೆ ಯಾವಾಗಲೂ ಮೇಜಿನ ಎಡತುದಿಯಲ್ಲಿ ಕೂರುತ್ತಾನೆ, ಎಲ್ಲರೂ ಬಲಗಿವಿಗೆ ಸಿಗಲಿ ಎಂದು. ಬೇಡದ ಮಾತು ಬಂದರೆ ಎಡಗಿವಿಯನ್ನು ನಮ್ಮ ಕಡೆ ತಿರುಗಿಸಿಬಿಡುತ್ತಾನೆ. "ಈಗ ನೋಡು, ನನ್ನನ್ನು ಆಫ್ ಮಾಡಿಬಿಟ್ಟ," ಎಂದು ಪರ್ಲ್ ಗೊಣಗುತ್ತಾರೆ.

ಮೊದಲ ದಿನವೇ ಪರ್ಲ್ ತಮ್ಮ ತೀರಿಹೋದ ಗಂಡನ ಕೋಟು ತಂದು ನನಗೆ ತೊಡಿಸಿದರು. ತೋಳು ನನ್ನ ಬೆರಳು ದಾಟಿ ನೇತಾಡುತ್ತಿತ್ತು. ಬೆಚ್ಚಗಿದೆಯೇ ಎಂದು ಮೂರು ಸಲ ಕೇಳುವುದು ಅವರ ರೂಢಿ. ಮೊದಲನೆಯ ಸಲ ಹೌದೆಂದರೆ ನಂಬುವುದಿಲ್ಲ, ಎರಡನೆಯ ಸಲ ಕೈ ಮುಟ್ಟಿ ನೋಡುತ್ತಾರೆ. ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ನಮ್ಮ ತಾಳವಾಡಿ ಬಸ್ಸಿನಲ್ಲಿ ಡ್ರೈವರನ್ನು ಮಾತಾಡಿಸುವುದು ಬಯ್ಯುವುದಕ್ಕೆ ಮಾತ್ರ.

ಅನ್ನಕ್ಕೆ ತೆಂಗಿನ ಹಾಲು, ಕೆಂಪು ಕಾಳು ಹಾಕಿ ಬೇಯಿಸಿದ್ದರು. ಪಕ್ಕದಲ್ಲಿ ಗುಂಡನೆಯ ಒಂದು ಹಳದಿ ಮೆಣಸಿನಕಾಯಿ. ಅದನ್ನು ಮುಟ್ಟಬೇಡ, ಬಿಳಿಯರು ಅದನ್ನು ತಿಂದು ಆಸ್ಪತ್ರೆಗೆ ಹೋಗಿದ್ದಾರೆ ಎಂದರು. ಸೆಲ್ವಿ ಇದನ್ನು ತಮಿಳಿಗೆ ತರುವಷ್ಟರಲ್ಲಿ ನಾನು ಅರ್ಧ ಕಚ್ಚಿದ್ದೆ. ಕಣ್ಣಲ್ಲಿ ನೀರು ಬಂತು, ಬಿಡಲಿಲ್ಲ, ಮುಗಿಸಿದೆ. ಪರ್ಲ್ ಚಮಚ ಕೆಳಗಿಟ್ಟು ನೋಡುತ್ತಲೇ ಇದ್ದರು. ಮರುದಿನದಿಂದ ನನ್ನ ತಟ್ಟೆಯ ಪಕ್ಕ ಎರಡು ಮೆಣಸಿನಕಾಯಿ ಇರುತ್ತಿದ್ದವು.

ಬುಧವಾರ

ಮಧ್ಯಾಹ್ನ ಒಬ್ಬಳೇ ಕಾಲುವೆ ನೋಡಲು ಹೊರಟು ದಾರಿ ತಪ್ಪಿಸಿಕೊಂಡೆ. ಅಲ್ಲಿನ ಮನೆಗಳೆಲ್ಲ ಕೆಂಪು ಇಟ್ಟಿಗೆಯವು, ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ನಮ್ಮ ಕಾಡಿನಲ್ಲಾದರೆ ಒಂದು ಮರದ ಹಾಗೆ ಇನ್ನೊಂದು ಇರುವುದಿಲ್ಲ. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಮೂರನೆಯ ಸಲ ಅದೇ ಅಂಚೆ ಡಬ್ಬಿ ಎದುರಾದಾಗ ಒಂದು ಪೊಲೀಸ್ ಕಾರು ನಿಂತಿತು. ಚಿಕ್ಕ ವಯಸ್ಸಿನ ಹೆಣ್ಣು ಕಾನ್‌ಸ್ಟೇಬಲ್. ಕೋಟಿನ ಜೇಬಿನಲ್ಲಿದ್ದ ವಿಳಾಸ ತೋರಿಸಿದೆ. ನಕ್ಕು ಹಿಂದಿನ ಬಾಗಿಲು ತೆರೆದಳು.

ಮೂವತ್ತು ವರ್ಷ ಪೊಲೀಸ್ ಗಾಡಿಯಲ್ಲಿ ಓಡಾಡಿದ್ದೇನೆ, ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತದ್ದು ಅದೇ ಮೊದಲು. ಪರ್ಲ್ ಮನೆಯ ಮುಂದೆ ಕಾರು ನಿಂತಿತು. ಬಾಗಿಲಿನ ಹಿಡಿ ಎಳೆದೆ. ತೆರೆಯಲಿಲ್ಲ. ಮತ್ತೆ ಎಳೆದೆ. ಒಳಗಿನಿಂದ ತೆರೆಯದ ಹಾಗೆ ಮಾಡಿರುತ್ತಾರೆ ಎಂದು ನನಗೆ ಗೊತ್ತಿರಬೇಕಿತ್ತು. ಹುಡುಗಿ ಸುತ್ತಿ ಬಂದು ತೆರೆಯಲು ನಾಲ್ಕು ಉಸಿರಿನಷ್ಟು ಹೊತ್ತು ಹಿಡಿದಿರಬಹುದು. ಅಷ್ಟರಲ್ಲಿ ಇನ್ನೆರಡು ಸಲ ಎಳೆದಿದ್ದೆ. ಈ ಹುಡುಗಿ ನನಗೆ ಉಪಕಾರ ಮಾಡುತ್ತಿದ್ದಾಳೆ ಎಂದು ನನಗೆ ಗೊತ್ತು, ಆದರೂ.

ಪರ್ಲ್ ಏಪ್ರನ್‌ನಲ್ಲೇ ಓಡಿ ಬಂದರು. ಕಾನ್‌ಸ್ಟೇಬಲ್ ಹುಡುಗಿಗೆ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿದರು, ಅವಳ ಮಗುವಿನ ಕೆಮ್ಮು ವಿಚಾರಿಸಿದರು. ಒಳಗೆ ಬಂದ ಮೇಲೆ ಕೆಟಲ್ ಒಲೆಯ ಮೇಲಿಟ್ಟು ಉರಿ ಹಚ್ಚುವುದನ್ನೇ ಮರೆತರು. ಸಂಜೆ ಸೆಲ್ವಿ ಬಂದಾಗ ಹೇಳಿದರು: "ಆ ಹುಡುಗಿ ಒಳ್ಳೆಯವಳು, ನನಗೆ ಗೊತ್ತು. ಆದರೆ ಬಾಗಿಲಿಗೆ ಪೊಲೀಸ್ ಕಾರು ಬಂದರೆ ನನ್ನ ಮೊಣಕಾಲಿಗೆ ಅದು ಗೊತ್ತಾಗುವುದಿಲ್ಲ."

ಶನಿವಾರ ಬೆಳಿಗ್ಗೆ

ಠಾಣೆಯ ಮುಂದಿನ ಆ ಸಾಲು ಈಗ ತಿಂಗಳಿಗೊಂದು ಶನಿವಾರ ಮಾತ್ರ ಸೇರುತ್ತದೆ. ಮಡಚುವ ಕುರ್ಚಿ, ಫ್ಲಾಸ್ಕು, ಮನೆಯಲ್ಲಿ ಮಾಡಿದ ಬಿಸ್ಕತ್ತು ತಂದುಕೊಳ್ಳುತ್ತಾರೆ. ಒಬ್ಬಾಕೆ ಸ್ವೆಟರ್ ಹೆಣೆಯುತ್ತಿದ್ದಳು. ಘೋಷಣೆ ಇಲ್ಲ. ನಮ್ಮ ಕಡೆ ಮರಿಯಲ್, ಅಂದರೆ ರಸ್ತೆ ತಡೆ, ಒಂದು ದಿನದ ಬೆಂಕಿ. ಆನೆ ಯಾರನ್ನೋ ತುಳಿದರೆ ಹಾಸನೂರಿನ ರಸ್ತೆಯಲ್ಲಿ ಜನ ಕೂರುತ್ತಾರೆ, ಅಧಿಕಾರಿ ಬಂದು ಮಾತು ಕೊಟ್ಟರೆ ಸಂಜೆಗೆ ಏಳುತ್ತಾರೆ. ಇವರು ಮಾತು ಕೊಟ್ಟ ಮೇಲೂ ಎದ್ದಿಲ್ಲ. ಕೊಟ್ಟ ಮಾತು ನಡೆಯುತ್ತಿದೆಯೇ ಎಂದು ನೋಡಲು ನಿಂತಿದ್ದಾರೆ.

ನಡೆದದ್ದೂ ಉಂಟು. ಬಡಾವಣೆಯ ನಾಲ್ವರು ತಿಂಗಳಿಗೊಮ್ಮೆ ಠಾಣೆಯೊಳಗೆ ಕೂತು ದಾಖಲೆ ನೋಡುತ್ತಾರೆ. ಹಿಡಿದು ತಂದವರಿಗೆ ಗಾಯವಾಗಿದ್ದರೆ, ಪುಸ್ತಕದಲ್ಲಿ ಬರೆದದ್ದನ್ನು ಅವರ ಭಾಷೆಯಲ್ಲೇ ಅವರಿಗೂ ಮನೆಯವರಿಗೂ ಓದಿ ಹೇಳಬೇಕು, ಆಮೇಲೆ ಸಹಿ. ಸೆಲ್ವಿ ಇದನ್ನು ಹೇಳಿದಾಗ ನಾನು ಎರಡು ಸಲ ಹೇಳಿಸಿಕೊಂಡೆ.

ಸಾಲಿನಲ್ಲಿ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಎದುರಿನವರು ಮುಸಿಮುಸಿ ನಗುತ್ತಿರುವುದು ಕಂಡಿತು. ನಾನು ಠಾಣೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ, ಕಾಲು ಅಗಲಿಸಿ ನಿಂತಿದ್ದೆ. ಪರ್ಲ್ ಎದ್ದು ಬಂದು ನನ್ನ ಭುಜ ಹಿಡಿದು, ಮಗುವನ್ನು ತಿರುಗಿಸುವ ಹಾಗೆ ಠಾಣೆಯ ಕಡೆಗೆ ತಿರುಗಿಸಿದರು.

ಕುರ್ಚಿಗಳನ್ನು ಹೊತ್ತು ತಂದು ಹಾಕುತ್ತಿದ್ದ ಉದ್ದನೆಯ ಮುದುಕರೇ ಕೆನ್. ಆ ಕೆಲಸ ಅವರಿಗೆ ಕೊಟ್ಟದ್ದು ಪರ್ಲ್ ಅಂತೆ. ವಿಚಾರಣೆಯಲ್ಲಿ ನಿಜ ಹೇಳಿದ ಮೇಲೂ ಎರಡು ವರ್ಷ ಪರ್ಲ್ ಕೆನ್ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ಶನಿವಾರ, ಬಂದಿದ್ದೀಯಲ್ಲ, ಆ ಕುರ್ಚಿ ಹಾಕು ಎಂದರಂತೆ.

ಶನಿವಾರ ಮಧ್ಯಾಹ್ನ

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಚಿತ್ರ ತೋರಿಸಿದರು. ಕೆನ್ ಪರದೆಯ ಮೇಲೆ ಮಾತಾಡುವಾಗ ಕೆಳಗೆ ಕೂತ ಕೆನ್ ನೆಲ ನೋಡುತ್ತಿದ್ದರು. ಮುಗಿದ ಮೇಲೆ, ದೂರದಿಂದ ಬಂದವರು ಎರಡು ಮಾತು ಹೇಳಲಿ ಎಂದು ನನ್ನನ್ನು ಕರೆದರು. ಧನ್ಯವಾದ ಹೇಳಿ ಕೂರಬೇಕೆಂದು ಎದ್ದೆ. ಬಾಯಿಂದ ಬೇರೆಯದೇ ಬಂತು.

ವರ್ಷಗಳ ಹಿಂದೆ ಘಟ್ಟದ ಕೆಳಗಿನ ಒಂದು ಠಾಣೆಯಲ್ಲಿದ್ದೆ. ಯಾವುದೋ ತೋಟದ ಪಂಪಿನ ಮೋಟಾರು ಕಳುವಾಗಿತ್ತು. ಅಲ್ಲಿಗೆ ಕೂಲಿಗೆ ಬಂದಿದ್ದ ನಮ್ಮ ಬೆಟ್ಟದ ತಾಳಮಲೆ ಕಡೆಯ ಜಡೆಯ ಎಂಬವನನ್ನು ಹಿಡಿದು ತಂದರು. ಸಂಜೆ ಅವನ ಹೆಂಡತಿ ಕೆಂಪಮ್ಮ ಬರುವ ಹೊತ್ತಿಗೆ ಅವನ ಬಲಗೈ ಮೇಲೇಳುತ್ತಿರಲಿಲ್ಲ. ಹೇಳಿಕೆ ತಮಿಳಿನಲ್ಲಿರಬೇಕು. ಅವಳಿಗೆ ತಮಿಳು ಬಾರದು. ಮರದಿಂದ ಬಿದ್ದ ಎಂದು ಬರಿ ಎಂದು ಮೇಲಿನವರು ನನಗೆ ಹೇಳಿದರು. ಗಂಡನನ್ನು ಹೇಗೆ ಹೊಡೆದರು ಎಂದು ಅವಳು ನನ್ನ ತಾಯಿಮಾತಿನಲ್ಲಿ ಹೇಳುತ್ತಾ ಹೋದಳು. ಹುಣಸೆಮರದಿಂದ ಜಾರಿ ಬಿದ್ದ ಎಂದು ನಾನು ತಮಿಳಿನಲ್ಲಿ ಬರೆಯುತ್ತಾ ಹೋದೆ. "ನಾನ್ ಏಳ್ದಂಗೇ ಬರ್ದ್ಯವ್ವ?" ಎಂದು ಕೇಳಿದಳು. "ಬರ್ದಿವ್ನಿ, ಬೆಳ್ಳೊತ್ತು," ಎಂದೆ. ಒತ್ತಿದಳು. ನಾನು ಕನ್ನಡದವಳು ಎಂದು ನಂಬಿ ಹೆಬ್ಬೆರಳು ಒತ್ತಿದಳು. ಮೋಟಾರು ಆಮೇಲೆ ತೋಟದ ಯಜಮಾನನ ನೆಂಟರ ಮನೆಯಲ್ಲೇ ಸಿಕ್ಕಿತು. ಜಡೆಯನನ್ನು ಬಿಟ್ಟರು. ಕೈ ಸರಿಹೋಗಲಿಲ್ಲ.

ಇಷ್ಟನ್ನೂ ಹೇಳಿ ನಿಲ್ಲಿಸಿದಾಗ ಸೆಲ್ವಿ ನನ್ನ ತೋಳು ಮುಟ್ಟಿದಳು. "ಅಕ್ಕಾ, ಇದು ತಮಿಳಲ್ಲ." ಅಷ್ಟು ಹೊತ್ತೂ ನಾನು ಕನ್ನಡದಲ್ಲಿ ಹೇಳಿದ್ದೆ. ಒಂದು ಪದವೂ ತಿಳಿಯದ ಸಭೆ ಕೊನೆಯ ತನಕ ಕೂತು ಕೇಳಿತ್ತು. ಮತ್ತೆ ಮೊದಲಿನಿಂದ ತಮಿಳಿನಲ್ಲಿ ಹೇಳಿದೆ, ಸೆಲ್ವಿ ಇಂಗ್ಲಿಷಿನಲ್ಲಿ ಹೇಳಿದಳು. ಅವಳು ಮುಗಿಸುವ ಮೊದಲೇ ಪರ್ಲ್ ಕೈಚೀಲ ತೆಗೆದುಕೊಂಡು ಸಭೆಯಿಂದ ಹೊರಗೆ ಹೋದರು.

ಆ ಸಂಜೆ ತಟ್ಟೆ ಹಾಕಿದರು, ಅನ್ನ ಬಡಿಸಿದರು. ಬೆಚ್ಚಗಿದೆಯೇ ಎಂದು ಒಂದು ಸಲವೂ ಕೇಳಲಿಲ್ಲ. ಡೆನಿಸ್ ತನ್ನ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ಉಪ್ಪಿನ ಡಬ್ಬಿ ನನ್ನ ಕಡೆ ಸರಿಸಿದ.

ಭಾನುವಾರ

ಬೆಳಿಗ್ಗೆ ಸೆಲ್ವಿ ಬಂದ ಕೂಡಲೇ ಪರ್ಲ್ ಟೀ ಲೋಟ ಹಿಡಿದು ನನ್ನೆದುರು ಕೂತರು.

"ಆ ಹೆಂಗಸಿನ ಹೆಸರು ಇನ್ನೊಂದು ಸಲ ಹೇಳು."

"ಕೆಂಪಮ್ಮ."

ನಾಲ್ಕೈದು ಸಲ ಹೇಳಿ ಹೇಳಿ ನಾಲಿಗೆಗೆ ಕೂರಿಸಿಕೊಂಡರು. "ಬದುಕಿದ್ದಾಳಾ?"

"ಇದ್ದಾಳೆ. ಗಂಡನೂ ಇದ್ದಾನೆ."

"ನಿನ್ನ ಮನೆಯಿಂದ ಎಷ್ಟು ದೂರ?"

"ಬಸ್ಸಿನಲ್ಲಿ ಅರ್ಧ ದಿನವೂ ಇಲ್ಲ."

"ಹಾಗಾದರೆ ನನ್ನ ಮನೆಯಲ್ಲಿ ಏನು ಮಾಡುತ್ತಿದ್ದೀಯ?"

ಸೆಲ್ವಿ ಅದನ್ನು ಬಹಳ ಮೆತ್ತಗೆ ತಮಿಳಿಗೆ ತಂದಳು. ಅಷ್ಟು ಮೆತ್ತಗಿರಲಿಲ್ಲ ಎಂಬುದು ಪರ್ಲ್ ಮುಖದಲ್ಲೇ ಇತ್ತು. ಆದರೆ ಹೇಳಿದ ಮೇಲೆ ಎದ್ದು, ನನ್ನ ಕೈ ಮುಟ್ಟಿ ನೋಡಿ, ಇದು ತಣ್ಣಗಿದೆ ಎಂದು ಬೈದು ಕೋಟು ತಂದುಕೊಟ್ಟರು.

ಕೆನ್ ತಮ್ಮ ತರಕಾರಿ ಪಾತಿಗೆ ನಮ್ಮನ್ನು ಕರೆದಿದ್ದರು. ತರಕಾರಿ ಬೆಳೆದುಕೊಳ್ಳಲು ಊರಾಚೆ ಕೇಳಿದವರಿಗೆ ಒಂದೊಂದು ತುಂಡು ನೆಲ ಕೊಟ್ಟಿರುತ್ತಾರೆ. ಆಲೂಗಡ್ಡೆ ಅಗೆಯುತ್ತಿದ್ದರು. ಅವರಿಗೆ ಗುದ್ದಲಿ ಹಿಡಿಯಲು ಬರುವುದಿಲ್ಲ, ನಾನು ಕಿತ್ತುಕೊಂಡು ಒಂದು ಸಾಲು ಅಗೆದು ಕೊಟ್ಟೆ. ಎಂಟು ವರ್ಷ ಏಕೆ ಬೇಕಾಯಿತು ಎಂದು ಕೇಳಿದೆ.

"ಹೆದರಿಕೆ," ಎಂದರು. "ಅದು ಮೊದಲ ಒಂದೆರಡು ವರ್ಷ. ಆಮೇಲೆ ಅಭ್ಯಾಸ."

ಕೆಂಪಮ್ಮನ ಹತ್ತಿರ ಹೋಗಿ ಏನು ಹೇಳಲಿ ಎಂದು ಕೇಳಿದೆ. ಒಂದು ಆಲೂಗಡ್ಡೆಯ ಮಣ್ಣು ಒರೆಸಿ ಬುಟ್ಟಿಗೆ ಹಾಕಿದರು. "ಕ್ಷಮೆ ಕೇಳಲು ಹೋಗಬೇಡಿ. ಆಗ ಅವರು ನಿಮಗೆ ಏನೋ ಕೊಡಬೇಕಾಗುತ್ತದೆ. ಕಾಗದ, ಪೆನ್ನು ತೆಗೆದುಕೊಂಡು ಹೋಗಿ."

ಹೊರಡುವ ದಿನ ಪರ್ಲ್ ಕೋಟು ವಾಪಸು ತೆಗೆದುಕೊಳ್ಳಲಿಲ್ಲ. ಬೆಟ್ಟದಲ್ಲಿ ಚಳಿ ಎಂದೆಯಲ್ಲ ಎಂದರು. ಬಸ್ಸು ಹತ್ತಿದ ಮೇಲೆ ಕಿಟಕಿಯ ಹೊರಗೆ ನಿಂತು ಅವರು ಬಾಯಿ ಆಡಿಸಿದ್ದು ಕೇಳಿಸಲಿಲ್ಲ, ಆದರೆ ತಿಳಿಯಿತು. ಕೆಂಪಮ್ಮ ಎನ್ನುತ್ತಿದ್ದರು.

ತಾಳಮಲೆ

ಬಂದ ನಾಲ್ಕನೆಯ ದಿನ ಹೋದೆ. ಕೆಂಪಮ್ಮ ಅಂಗಳದಲ್ಲಿ ರಾಗಿ ಹರವುತ್ತಿದ್ದಳು. ಜಡೆಯ ಗೋಡೆಗೊರಗಿ ಕೂತಿದ್ದ. ಭಾರ ಎತ್ತಲಾಗದೆ ಊರವರ ಮೇಕೆ ಮೇಯಿಸುತ್ತಿದ್ದಾನೆ. ನಾನು ಯಾರೆಂದು ಹೇಳಿದೆ. ಆ ದಿನ ಏನು ಬರೆದೆ ಎಂಬುದನ್ನು ಕನ್ನಡದಲ್ಲಿ, ಒಂದು ಪದ ಬಿಡದೆ, ಹೇಳಿದೆ.

ಕೆಂಪಮ್ಮನ ಕೈ ರಾಗಿಯಲ್ಲೇ ನಿಂತಿತು. "ಉಣ್ಸಮರ್ದಿಂದ ಬಿದ್ದ ಅಂತ್ಲಾ?"

"ಊಂ."

"ನೀ ನಮ್ ಮಾತ್ನವ್ಳು ಅಂತ ನಂಬ್ದಿ ಕಣಮ್ಮಿ ನಾನು." ದನಿ ಏರಲಿಲ್ಲ. ಎದ್ದು ಒಳಗೆ ಹೋದಳು.

ಕಾಗದ ತೆಗೆದೆ. ಈಗ ಸರಿಯಾಗಿ ಬರೆದು, ಮೊದಲು ಬರೆದದ್ದು ಸುಳ್ಳು ಎಂದು ಕೆಳಗೆ ನನ್ನ ಸಹಿ ಹಾಕಿ, ಮೇಲಿನ ಕಚೇರಿಗೆ ಕೊಡುತ್ತೇನೆ ಎಂದೆ. ಜಡೆಯ ಹೇಳುತ್ತಾ ಹೋದ. ಮೂರು ಜನ ಹೊಡೆದರು ಎಂದು ಬಾಯಲ್ಲಿ ಹೇಳಿಕೊಂಡು ಬರೆದಾಗ ನನ್ನ ಕೈ ತಡೆದ.

"ಮೂರ್ ಜನ ಅಲ್ಲ. ಒಡ್ದೋರು ಇಬ್ರೇಯ. ಇನ್ನೊಬ್ಬ ಸಣ್ ಐದ ನೀರ್ ಕೊಟ್ಟ. ಅದ್ನೂ ಬರಿ."

ಬರೆದೆ. ಆ ಹುಡುಗ ಕೊಟ್ಟ ನೀರನ್ನೂ. ಕೆಂಪಮ್ಮ ಬಾಗಿಲಿಗೆ ಬಂದು ನಿಂತು, ಓದು ಎಂದಳು. ಓದಿದೆ. ಇನ್ನೊಂದು ಸಲ ಎಂದಳು. ಮೂರನೆಯ ಸಲ ಓದಿದ ಮೇಲೆ ಬೆರಳು ಒತ್ತಿದಳು.

ಕಾಗದ ಕೊಟ್ಟು ಬಂದೆ. ಎರಡು ತಿಂಗಳ ಮೇಲೆ ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಪಂಚಾಯ್ತಿ ಕಟ್ಟೆಯ ಮೇಲೆ ಕೂತು ತಮಿಳಿನಲ್ಲಿ ಜಡೆಯನನ್ನು ಕೇಳಿದರು, ನೀನು ಮರದಿಂದ ಬಿದ್ದೆಯಾ ಎಂದು. ಅವನಿಗೆ ತಿಳಿಯಲಿಲ್ಲ. ಅಧಿಕಾರಿ ನನ್ನ ಕಡೆ ತಿರುಗಿ, ನೀವೇ ತಿಳಿಸಿ ಎಂದರು. ನಾನು ಬೇಡ, ಬೇರೆ ಯಾರನ್ನಾದರೂ ಕರೆಸಿ ಎಂದೆ. ಶಾಲೆಯ ಮೇಷ್ಟ್ರನ್ನು ಕರೆತಂದರು. ಅವರಿಗೆ ಎರಡೂ ಭಾಷೆ ಗೊತ್ತು.

ಆಗ ಕೆಂಪಮ್ಮ ಎದ್ದಳು.

"ಅವ್ಳೇ ಏಳ್ಲಿ ಬುಡಿ ಸಾರ್," ಎಂದಳು. "ಮೇಷ್ಟ್ರು ಕೇಳುಸ್ಕಳ್ಲಿ."

ಅಧಿಕಾರಿ ಒಪ್ಪಿದರು. ಜಡೆಯ ಹೇಳಿದ, ನಾನು ತಮಿಳಿನಲ್ಲಿ ಹೇಳಿದೆ. ಒಂದೊಂದು ಮಾತಿಗೂ ಮೇಷ್ಟ್ರು ಸರಿಯೆಂದು ತಲೆಯಾಡಿಸಿದರು. ಕೆಂಪಮ್ಮ ನನ್ನ ಮುಖ ನೋಡಲಿಲ್ಲ. ಮುಗಿಯುವ ತನಕ ಮೇಷ್ಟ್ರ ತಲೆಯನ್ನೇ ನೋಡುತ್ತಾ ನಿಂತಿದ್ದಳು.